ನಸಾರಿಯೊನ ತುತ್ತೂರಿ

ನಸಾರಿಯೊ ತುತ್ತೂರಿ ಕಲಿಯಲು ಶುರುಮಾಡಿದ ಮೇಲೆ ಪಕ್ಕದ ಮನೆ ಸಿಪ್ರಿಯಾನೊನ ಬಾತುಕೋಳಿಗಳು ಮೊಟ್ಟೆ ಇಡುವುದನ್ನೇ ನಿಲ್ಲಿಸಿದವು. ಬರುವ ಹಬ್ಬದ ಮೆರವಣಿಗೆಯಲ್ಲಿ ನುಡಿಸಬೇಕೆಂಬುದು ನಸಾರಿಯೊನ ಆಸೆ. ಅವನು ಊದಿದರೆ ಬಾಲ ತುಳಿಸಿಕೊಂಡ ಹಂದಿ ಅರಚಿದಂತಿರುತ್ತಿತ್ತು.

ಟಿಟಿಕಾಕಾ ಸರೋವರದಲ್ಲಿ ಜೊಂಡಿನ ಬೇರುಗಡ್ಡೆ ಕಟ್ಟಿ ತೇಲಿಸಿದ ಆ ದ್ವೀಪದಲ್ಲಿದ್ದದ್ದು ನಾಲ್ಕೇ ಮನೆ. ನೆಲದ ಮೇಲಿನವರು ಜಗಳವಾದರೆ ಬೇಲಿ ಹಾಕುತ್ತಾರೆ. ನೀರಿನ ಮೇಲಿನವರು ಗರಗಸ ತರುತ್ತಾರೆ.

"ಅಜ್ಜಿ, ದ್ವೀಪದಲ್ಲಿ ನನ್ನ ಮನೆಯಷ್ಟು ತುಂಡು ಕೊಯ್ಕೊಂಡು ದೂರ ಹೋಗ್ತೀನಿ" ಎಂದ ಸಿಪ್ರಿಯಾನೊ, ದ್ವೀಪದ ಹಿರಿಯಳಾದ ಗ್ರೆಗೋರಿಯಾಗೆ.

"ಕೊಯ್ಕೋ ಮಗಾ. ನೆಟ್ಟಗೆ ಕೊಯ್ಯಿ. ನಿಮ್ಮ ತಾತ ಕೊಯ್ಯೋಕೆ ಹೋಗಿ ಒಲೇನ ಆಚೆ ಕಡೆ ಬಿಟ್ಟಿದ್ದ."

ಬೆಳಿಗ್ಗೆಯೇ ಕೆಲಸ ಶುರುವಾಯಿತು. ಎದುರುಮನೆ ತೊರಿಬಿಯೊ ದಂಪತಿ ಬೇಯಿಸಿದ ಆಲೂಗಡ್ಡೆ ತಿನ್ನುತ್ತಾ "ಸ್ವಲ್ಪ ಎಡಕ್ಕೆ", "ಅಯ್ಯೋ, ಬಲಕ್ಕೆ" ಎಂದು ಸಹಾಯ ಮಾಡಿದರು. ಪೂನೊ ಊರಿನಿಂದ ಪ್ರವಾಸಿಗರ ದೋಣಿಯೊಂದು ಬಂತು. ಜೊತೆಗಿದ್ದ ಮಾರ್ಗದರ್ಶಿ "ಇದು ಇವರ ಪುರಾತನ ಪೂಜೆ" ಎಂದು ವಿವರಿಸಿದ. ಅವರೆಲ್ಲ ಚಪ್ಪಾಳೆ ತಟ್ಟಿದರು. ಅದು ತನಗೇ ಎಂದುಕೊಂಡು ನಸಾರಿಯೊ ಮತ್ತೆ ಮೊದಲಿನಿಂದ ಊದಿದ.

ಮಧ್ಯಾಹ್ನ ತುಂಡು ಬೇರೆಯಾಯಿತು. ಅದನ್ನು ನೂಕಲು ಕೋಲು ಹಿಡಿದು ನಸಾರಿಯೊನೇ ಬಂದ. "ಹೋಗಿ ಬಾ ತಮ್ಮಾ. ಬೇಜಾರು ಮಾಡ್ಕೋಬೇಡ, ಗಾಳಿ ಆ ಕಡೆ ಬೀಸಿದಾಗ ಕೇಳಿಸ್ತದೆ."

ಎತ್ತರದ ಜೊಂಡಿನ ಮರೆಯಲ್ಲಿ ಸಿಪ್ರಿಯಾನೊ ಗೂಟ ನೆಟ್ಟು ಹಗ್ಗ ಕಟ್ಟಿದ. ನೀರು ಸದ್ದಿಲ್ಲದೆ ಮಲಗಿತ್ತು. ಹೆಂಡತಿ ಫೆಲಿಪಾ ಮೀನಿನ ಸಾರಿಗಿಟ್ಟಳು. ಅವನು ಕಾಲು ಚಾಚಿ ಕಣ್ಣು ಮುಚ್ಚಿದ.

ಕಣ್ಣು ಬಿಟ್ಟಾಗ ಗ್ರೆಗೋರಿಯಾ ಅಜ್ಜಿ ದೋಣಿಯಿಂದ ಇಳಿಯುತ್ತಿದ್ದಳು. "ತಲೆನೋವು ಕಣೋ. ಒಂದು ಗಳಿಗೆ ಕೂತು ಹೋಗ್ತೀನಿ."

ಒಂದು ಗಳಿಗೆ ಕೂರುವುದಕ್ಕೆ ಕಂಬಳಿ, ಒಲೆ, ಕೋಳಿಗಳು ಯಾಕೆಂದು ಅವನು ಕೇಳಲಿಲ್ಲ. ಆಮೇಲೆ ತೊರಿಬಿಯೊ ದಂಪತಿ ಹಂದಿಯ ಸಮೇತ ಬಂದರು. ಕೊನೆಗೆ ಗಂಟುಮೂಟೆ ಹೊತ್ತು ಬಂದವಳು ನಸಾರಿಯೊನ ಹೆಂಡತಿ ಬಾಸಿಲಿಯಾ. "ನೀನು ಧೈರ್ಯ ಮಾಡಿದೆ ಅಣ್ಣಾ. ನಮಗೆ ಬಾಯಿ ಬರಲಿಲ್ಲ" ಎಂದಳು.

ಸಂಜೆಯ ಹೊತ್ತಿಗೆ ಕಾಲಡಿಯ ಜೊಂಡು ಒದ್ದೆಯಾಯಿತು. ತುಂಡು ಒಂದು ಮಗ್ಗುಲಿಗೆ ವಾಲಿತು.

"ಯಾರಾದ್ರೂ ಒಬ್ರು ಇಳೀಬೇಕು" ಎಂದಳು ಅಜ್ಜಿ. ಎಲ್ಲರೂ ಸಿಪ್ರಿಯಾನೊನನ್ನೇ ನೋಡಿದರು.

"ಅಜ್ಜಿ, ಇದು ನಾನು ಕೊಯ್ದ ತುಂಡು."

"ಅಲ್ಲ ಅಂದೋರು ಯಾರು? ಆದ್ರೆ ನಮ್ಮಲ್ಲಿ ನೀನೇ ದಪ್ಪ."

ಅವನು ಫೆಲಿಪಾಳ ಕಡೆ ತಿರುಗಿದ. ಅವಳು ಸಾರು ಕದಡುತ್ತಿದ್ದಳು. "ಅಲ್ಲಿ ಜಾಗ ಬೇಕಾದಷ್ಟಿದೆಯಲ್ಲ. ಇವತ್ತೊಂದಿನ ಹೋಗಿ ಬನ್ನಿ."

ಖಾಲಿ ದ್ವೀಪದಲ್ಲಿ ನಸಾರಿಯೊ ಒಬ್ಬನೇ ಮುಖ ಬಾಡಿಸಿಕೊಂಡು ಕೂತಿದ್ದ. ದೋಣಿ ಕಂಡು ಎದ್ದು ನಿಂತ. ಅವನ ಕಣ್ಣು ತುಂಬಿತ್ತು.

"ನೀನೊಬ್ಬ ಬರ್ತೀಯ ಅಂತ ಗೊತ್ತಿತ್ತು ತಮ್ಮಾ. ಅವರಿಗೆಲ್ಲಿ ಸಂಗೀತದ ಗಂಧ."

ಸಿಪ್ರಿಯಾನೊಗೆ ನಿಜ ಹೇಳಲು ಮನಸ್ಸಾಗಲಿಲ್ಲ. ನಸಾರಿಯೊ ಅವನಿಗೆ ಬೆಚ್ಚಗೆ ಕಂಬಳಿ ಹೊದಿಸಿದ, ಬಿಸಿ ಆಲೂಗಡ್ಡೆ ಕೊಟ್ಟ, ಪಕ್ಕದಲ್ಲೇ ಕೂತು ತುತ್ತೂರಿ ಒರೆಸಿಕೊಂಡ.

"ಇಷ್ಟು ದಿನ ಅಕ್ಕಪಕ್ಕದೋರಿಗೆ ತೊಂದ್ರೆ ಆಗ್ಬಾರ್ದು ಅಂತ ಮೆಲ್ಲಗೆ ಊದ್ತಿದ್ದೆ" ಎಂದ. "ಇನ್ನು ಯಾರ ಹಂಗೂ ಇಲ್ಲ ನೋಡು."