ಮುನಿರತ್ನಮ್ಮನ ಹಡಗು

ಬೂದಿಕೋಟೆ ಹೋಬಳಿಯ ಆಕಾಶದಲ್ಲಿರುವ ಅಷ್ಟೂ ಹೊಗೆ, ಸರ್ಕಾರಿ ದಾಖಲೆಯ ಪ್ರಕಾರ, ಮುನಿರತ್ನಮ್ಮ ಎಂಬ ಒಬ್ಬ ಹೆಂಗಸಿಗೆ ಸೇರಿದ್ದು. ಈ ಬಗ್ಗೆ ಯಾರಿಗೂ ತಕರಾರಿಲ್ಲ. ಮುನಿರತ್ನಮ್ಮನಿಗೂ ಈಗ ಇಲ್ಲ. ಮೊದಮೊದಲು ಸ್ವಲ್ಪ ಇತ್ತು.

ಆಕೆಗೆ ಅರವತ್ತು ದಾಟಿದೆ. ಇರೋದು ಒಂದೇ ಹಸು. ಕೂಗಿದರೆ ತಿರುಗಿ ನೋಡಲ್ಲ, ಯಾರನ್ನೂ ಹತ್ತಿರ ಸೇರಿಸಲ್ಲ, ಹಿಂಡಿ-ಬೂಸ ಐದು ನಿಮಿಷ ತಡವಾದರೆ ಕೊಂಬು ಆಡಿಸುತ್ತದೆ. ಅದಕ್ಕೇ ಅದರ ಹೆಸರು ಮೇಡಮ್ಮು. ಮೇಡಮ್ಮಿಗೆ ದಿನಾ ಸಂಜೆ ಕೊಟ್ಟಿಗೆಯಲ್ಲಿ ಹೊಗೆ ಬೇಕು. ತೂತು ಬಿದ್ದ ಬಾಂಡ್ಲಿಯಲ್ಲಿ ಒಂದು ಬೆರಣಿ ಕೆಂಡ, ಮೇಲೆ ಎರಡು ಹಿಡಿ ಹಸಿ ಬೇವಿನ ಸೊಪ್ಪು. ಸೊಳ್ಳೆ ಜಾಗ ಖಾಲಿ ಮಾಡುತ್ತವೆ, ಮೇಡಮ್ಮು ಕಣ್ಣು ಅರ್ಧ ಮುಚ್ಚುತ್ತದೆ, ಹಾಲು ಇಳಿಯುತ್ತದೆ. ಹೊಗೆ ಇಲ್ಲದಿದ್ದರೆ ಬಕೆಟ್ಟು ಒಂದು ಕಡೆ, ಹಾಲು ಕರೆಯೋರು ಇನ್ನೊಂದು ಕಡೆ. ಅತ್ತೆಯ ಕಾಲದಿಂದ ಆ ಮನೆಯಲ್ಲಿ ನಡೆದುಬಂದ ಕಾನೂನು ಇದೊಂದೇ.

ಊರಾಚೆ ಬಂಗಾರಪೇಟೆ ರಸ್ತೆಯಲ್ಲಿ ಒಂದು ಕಾರ್ಖಾನೆಯೂ ಇದೆ. ಹಳೇ ಟೈರು ಬೇಯಿಸಿ ಎಣ್ಣೆ ತೆಗೆಯೋದು ಅದರ ಕಸುಬು. ಒಗೆದು ಹಾಕಿದ ಬಿಳಿ ಪಂಚೆ ಒಣಗುವಷ್ಟರಲ್ಲಿ ಅಯ್ಯಪ್ಪನ ಮಾಲೆ ಹಾಕಿದೋರ ಪಂಚೆ ಆಗಿಬಿಡುತ್ತದೆ. ಇಷ್ಟಕ್ಕಿಂತ ಹೆಚ್ಚು ಹೊಗೆ ಬಿಡಬಾರದು ಅಂತ ಕಾರ್ಖಾನೆಗೂ ಒಂದು ಮಿತಿ ಇತ್ತು. ಪಾಪ, ಆ ಮಿತಿಯೊಳಗೆ ಅದಕ್ಕೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ಮ್ಯಾನೇಜರ್ ನರೇಶ್ ಅವರು ಬಂಗಾರಪೇಟೆಯ ಹೊಗೆ ಕಚೇರಿಗೆ ಅರ್ಜಿ ಕೊಟ್ಟರು. ಕಚೇರಿಯ ನಿಜವಾದ ಹೆಸರು ಬೋರ್ಡಿನಲ್ಲಿ ಮೂರು ಸಾಲು ಇದೆ. ಅದನ್ನು ಪೂರ್ತಿ ಓದಿದವರು ಇನ್ನೂ ಸಿಕ್ಕಿಲ್ಲ. ಹೊಗೆ ಸೋಸುವ ಯಂತ್ರ ವಿದೇಶದಲ್ಲಿ ಹಡಗು ಹತ್ತಿದೆ, ಅದು ಬಂದು ಸೇರೋ ತನಕ ದಯಮಾಡಿ ಸಹಿಸಿಕೊಳ್ಳಬೇಕು ಅನ್ನೋದು ಅರ್ಜಿಯ ಸಾರಾಂಶ. ಆದೇಶ ಬಂತು. ಪಂಚಾಯಿತಿ ಗೋಡೆಗೆ ಅಂಟಿಸಿದರು:

"ಸದರಿ ಕಾರ್ಖಾನೆಗೆ ತೊಂಬತ್ತು ದಿನಗಳ ತಾತ್ಕಾಲಿಕ ವಿನಾಯಿತಿ ನೀಡಲಾಗಿದೆ. ಈ ಅವಧಿಯಲ್ಲಿ ಸದರಿ ಕಾರ್ಖಾನೆಯ ಹೊಗೆಯನ್ನು ಹೊಗೆ ಎಂದು ಪರಿಗಣಿಸತಕ್ಕದ್ದಲ್ಲ. ಈ ಅವಧಿಯಲ್ಲಿ ಕೆಮ್ಮುವ ಸಾರ್ವಜನಿಕರು ತಮ್ಮ ಸ್ವಂತ ಕಾರಣಕ್ಕೆ ಕೆಮ್ಮತಕ್ಕದ್ದು."

ಮಾರನೇ ದಿನಕ್ಕೆ ಆದೇಶ ಕಪ್ಪಾಗಿ ಅಕ್ಷರ ಕಾಣದಂತಾಯಿತು. ಪಂಚಾಯಿತಿಯವರು ಅದನ್ನು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸೋಕೆ ಒಬ್ಬರನ್ನು ನೇಮಿಸಿದರು. ಕಾರ್ಖಾನೆಯಿಂದ ಊರಿಗೆ ಸಿಕ್ಕ ಮೊದಲನೇ ಉದ್ಯೋಗ ಅದು.

ಆದರೆ ನಿಯಮ ಅಂದಮೇಲೆ ನಿಯಮ. ವಿನಾಯಿತಿ ಕೊಟ್ಟರೂ ಗಾಳಿಯನ್ನು ಅಳೆಯಲೇಬೇಕು. ಹೊಗೆ ಕಚೇರಿಯ ಮುನಿರಾಜು ಅನ್ನೋರು ಒಂದು ಯಂತ್ರ ಹೊತ್ತುಕೊಂಡು ಬಂದರು. ಕರೆಂಟು ಬೇಕಿತ್ತು. ಪಂಚಾಯಿತಿಯ ಪ್ಲಗ್ಗು ಸುಟ್ಟುಹೋಗಿತ್ತು. ಕಾರ್ಖಾನೆಯವರು, ನಮ್ಮಲ್ಲಿಟ್ಟರೆ ಯಂತ್ರ ಕೆಟ್ಟುಹೋಗುತ್ತೆ ಸಾರ್, ಮಸಿ ಜಾಸ್ತಿ ಅಂತ ಪ್ರಾಮಾಣಿಕವಾಗಿ ಹೇಳಿದರು. ಬಿಸಿಲಲ್ಲಿ ಯಂತ್ರ ತಬ್ಬಿಕೊಂಡು ನಿಂತಿದ್ದ ಆತನನ್ನು ನೋಡಿ ಮುನಿರತ್ನಮ್ಮನ ಕರುಳು ಚುರ್ ಅಂತು. ಒಳಕ್ಕೆ ಕರೆದು ಮಜ್ಜಿಗೆ ಕೊಟ್ಟು, ಕೊಟ್ಟಿಗೆಯಲ್ಲಿ ಮೇವು ಕತ್ತರಿಸೋ ಮಿಷನ್ನಿಗೆ ಹಾಕಿಸಿದ್ದ ಪ್ಲಗ್ಗು ತೋರಿಸಿದರು. ಯಂತ್ರ ನೇತುಹಾಕೋಕೆ ಸರಿಯಾಗಿ ಬಾಂಡ್ಲಿಯ ಮೇಲೇ ಒಂದು ಗೂಟ ಖಾಲಿ ಇತ್ತು. ಮಾಡಿದ ಉಪಕಾರಕ್ಕೆ ಈ ಪ್ರಪಂಚದಲ್ಲಿ ಬೆಲೆ ಸಿಕ್ಕೇ ಸಿಗುತ್ತದೆ.

ವಾರ ಬಿಟ್ಟು ಮುನಿರಾಜು ನೋಡಿದರೆ ನೂರು ಇರಬೇಕಾದ ಕಡೆ ಒಂಬೈನೂರು ಇದೆ. ಆತ ಫಾರಂ ತೆಗೆದು ತುಂಬೋಕೆ ಕೂತರು. 'ಹೊಗೆಯ ಮೂಲ' ಅಂತ ಒಂದು ಕಾಲಂ ಇತ್ತು. ಕಾರ್ಖಾನೆಯದು ಹೊಗೆಯಲ್ಲ ಅಂತ ಆದೇಶವೇ ಇದೆ. ಕಾಲಂ ಖಾಲಿ ಬಿಡೋ ಹಾಗಿಲ್ಲ. ಇಲ್ಲಿ ಬೇರೆ ಯಾರಾದರೂ ಹೊಗೆ ಹಾಕ್ತಾರಾ ಅಂತ ಕೇಳಿದರು.

"ನಾನೇ ಆಕ್ತೀನಿ ಕಣಪ್ಪ, ದಿನಾ ಸಂಜೆ," ಅಂದರು ಮುನಿರತ್ನಮ್ಮ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು.

ಮುನಿರಾಜು ಬರೆದುಕೊಂಡರು. ಒಂಬೈನೂರೂ.

ನೋಟೀಸು ಬಂತು. ಪಕ್ಕದ ಮನೆ ಬಚ್ಚಪ್ಪ ಏಳನೇ ಕ್ಲಾಸಿನ ತನಕ ಓದಿದ್ದರಿಂದ ಓದಿ ಹೇಳಿದ. ಹೋಬಳಿಯ ಸಮಸ್ತ ಹೊಗೆಯ ಒಡತಿಯಾದ ತಾವು ಅದನ್ನು ಏಳು ದಿನದೊಳಗೆ ನಿಲ್ಲಿಸತಕ್ಕದ್ದು. ತಪ್ಪಿದಲ್ಲಿ ಹೊಗೆಗೆ ಕಾರಣವಾದ ಹಸುವನ್ನು ಜನವಸತಿಯಿಂದ ಐದು ಕಿಲೋಮೀಟರ್ ದೂರಕ್ಕೆ ಸ್ಥಳಾಂತರಿಸಲಾಗುವುದು.

"ಐದು ಕಿಲೋಮೀಟ್ರಾ? ಅದು ಬಾಗಿಲು ದಾಟಿ ಬೋರ್‌ವೆಲ್ ತನಕ ಬರಲ್ಲ," ಅಂದರು ಮುನಿರತ್ನಮ್ಮ.

ಆದರೂ ಕಾನೂನಿಗೆ ಗೌರವ ಕೊಟ್ಟು ಒಂದು ಸಂಜೆ ಹೊಗೆ ಹಾಕದೆ ನೋಡಿದರು. ಕಾರ್ಖಾನೆಯ ಹೊಗೆ ಅಷ್ಟೊಂದಿತ್ತಲ್ಲ, ಅದಕ್ಕಾದರೂ ಸೊಳ್ಳೆ ಹೋಗಬಹುದು ಅನ್ನೋ ಆಸೆ. ಒಂದೂ ಹೋಗಲಿಲ್ಲ. ಅದು ಹೊಗೆಯಲ್ಲ ಅಂತ ಆದೇಶದ ಒಂದು ಪ್ರತಿ ಸೊಳ್ಳೆಗಳಿಗೂ ತಲುಪಿತ್ತೋ ಏನೋ. ಮೇಡಮ್ಮು ಬಕೆಟ್ಟಿಗೆ ಒಂದು ಒದ್ದಿತು, ಬಕೆಟ್ಟು ಎತ್ತಿಕೊಡಲು ಬಂದ ಬಚ್ಚಪ್ಪನಿಗೆ ಒಂದು ಒದ್ದಿತು, ಹಾಲನ್ನು ಮಾತ್ರ ಒಂದು ತೊಟ್ಟೂ ಬಿಡಲಿಲ್ಲ. ಬೆಳಗ್ಗೆ ಮುನಿರತ್ನಮ್ಮ ನೋಟೀಸನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂಗಾರಪೇಟೆ ಬಸ್ಸು ಹತ್ತಿದರು.

ಮುನಿರಾಜು ಮಜ್ಜಿಗೆ ಮರೆತಿರಲಿಲ್ಲ. ಕುರ್ಚಿ ಕೊಟ್ಟರು. ನೋಟೀಸಿಗೆ ನಂಬರ್ ಬಿದ್ದುಹೋಗಿದೆ, ರದ್ದು ಮಾಡೋ ಅಧಿಕಾರ ಕೆಳಗಿನವರಿಗಿಲ್ಲ, ಮೇಲಿನವರಿಗೆ ಪುರುಸೊತ್ತಿಲ್ಲ ಅಂದರು. ಹೊಗೆ ನಿಮ್ಮದಲ್ಲ ಅಂತ ರುಜುವಾತು ಮಾಡೋದು ಕಷ್ಟ, ಅದು ಹೊಗೆಯೇ ಅಲ್ಲ ಅಂತ ಆದೇಶ ತಗೊಳ್ಳೋದು ಸುಲಭ, ನೀವೂ ಒಂದು ತಾತ್ಕಾಲಿಕ ವಿನಾಯಿತಿಗೆ ಅರ್ಜಿ ಹಾಕಿಬಿಡಿ ಅಂತ ದಾರಿಯನ್ನೂ ತೋರಿಸಿದರು.

ಅರ್ಜಿ ಟೈಪ್ ಆಗಿರಬೇಕು. ಅದಕ್ಕೆ ರಾಬರ್ಟ್‌ಸನ್‌ಪೇಟೆಯ ಚಲಪತಿಯೇ ಆಗಬೇಕು. ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿಯ ಒಂದು ಮೂಲೆಯಲ್ಲಿ ಆತನ ಕಂಪ್ಯೂಟರ್. ಆತನ ಕೆಲಸದ ರೀತಿ ಬಹಳ ಶುದ್ಧ: ಒಂದು ಸಲ ಮಂಜೂರಾದ ಅರ್ಜಿಯನ್ನು ಆತ ಅಳಿಸಲ್ಲ. ಹೆಸರು ಮಾತ್ರ ಬದಲಿಸುತ್ತಾನೆ. ಕಾರ್ಖಾನೆಯ ಅರ್ಜಿಯನ್ನು ಟೈಪ್ ಮಾಡಿದ್ದೂ ಆತನೇ. ನರೇಶ್ ಹೆಸರು ತೆಗೆದು ಮುನಿರತ್ನಮ್ಮನ ಹೆಸರು ಹಾಕಿದ, ಕಾರ್ಖಾನೆಯ ಹೆಸರಿದ್ದ ಕಡೆ ಮೇಡಮ್ಮು ಅಂತ ಹಾಕಿದ, ಪ್ರಿಂಟ್ ತೆಗೆದ. ಇದರಲ್ಲಿ ಏನು ಬರೆದಿದ್ದೀಯಪ್ಪಾ ಅಂತ ಆಕೆ ಕೇಳಿದರು.

"ಪಾಸಾಗಿರೋದೇ ಬರ್ದಿದೀನಿ ಪಾಟಿ. ಸೈನ್ ಹಾಕು," ಅಂದ ಚಲಪತಿ. ಆ ಕಡೆ ಅಜ್ಜಿಗೆ ಪಾಟಿ ಅಂತಾರೆ.

ಅರ್ಜಿ ಹೊಗೆ ಕಚೇರಿಯಲ್ಲಿ ನಾಲ್ಕೇ ದಿನದಲ್ಲಿ ಮಂಜೂರಾಯಿತು. ಹಿಂದೆ ಮಂಜೂರಾದ ಅರ್ಜಿಗೂ ಇದಕ್ಕೂ ಒಂದು ಕಾಮಾ ಕೂಡ ವ್ಯತ್ಯಾಸವಿಲ್ಲದ್ದರಿಂದ ತಿರಸ್ಕರಿಸಲು ಕಾರಣ ಸಿಗಲಿಲ್ಲವಂತೆ. ಮೇಡಮ್ಮು ನಲವತ್ತು ಕುಟುಂಬಗಳಿಗೆ ಉದ್ಯೋಗ ನೀಡುತ್ತಿದ್ದು, ಮೂರು ಪಾಳಿಯಲ್ಲಿ ಕಾರ್ಯನಿರ್ವಹಿಸುತ್ತಿದ್ದು, ಅದರ ಹೊಗೆ ಸೋಸುವ ಯಂತ್ರ ಹಡಗಿನಲ್ಲಿ ಬರುತ್ತಿರುವುದರಿಂದ, ತೊಂಬತ್ತು ದಿನ ಅದರ ಹೊಗೆಯನ್ನು ಹೊಗೆ ಎಂದು ಪರಿಗಣಿಸತಕ್ಕದ್ದಲ್ಲ. ಷರತ್ತು ಒಂದೇ: ಹಡಗು ಎಲ್ಲಿಗೆ ಬಂತು ಎಂದು ಪ್ರತಿ ಸೋಮವಾರ ಖುದ್ದಾಗಿ ಬಂದು ತಿಳಿಸತಕ್ಕದ್ದು.

ಮೊದಲನೇ ಸೋಮವಾರ ಮುನಿರತ್ನಮ್ಮ ನಿಜ ಹೇಳಿದರು. ಹಡಗು ಅನ್ನೋದನ್ನು ತಾನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ ಅಂದರು.

ಮುನಿರಾಜು ಪೆನ್ನು ಕೆಳಗಿಟ್ಟರು. "ಅಮ್ಮಾ, ಹಡಗು ಇಲ್ಲ ಅಂದ್ರೆ ವಿನಾಯಿತಿ ಇಲ್ಲ. ವಿನಾಯಿತಿ ಇಲ್ಲ ಅಂದ್ರೆ ಕೊಟ್ಟಿಗೇಲಿ ಹಸು ಇಲ್ಲ. ಈಗ ಯೋಚನೆ ಮಾಡಿ ಹೇಳಿ, ಹಡಗು ಎಲ್ಲಿದೆ?"

ಮುನಿರತ್ನಮ್ಮನ ಕಣ್ಣ ಮುಂದೆ ಮೇಡಮ್ಮಿನ ಮುಖ ಬಂತು.

"ಬತ್ತಾ ಐತೆ ಸ್ವಾಮಿ," ಅಂದರು.

ಆಮೇಲೆ ಅಭ್ಯಾಸವಾಯಿತು. ಸೋಮವಾರ ಬೆಳಗ್ಗೆ ಹಾಲು ಹಾಕಿ ಬಸ್ಸು ಹತ್ತೋದು, ಕಚೇರಿ ಬೆಂಚಿನ ಮೇಲೆ ಕೂರೋದು. ಅದೇ ಬೆಂಚಿಗೆ ನರೇಶ್ ಅವರೂ ಬರುತ್ತಿದ್ದರು, ಅವರದೂ ಹಡಗಿನ ಕೆಲಸವೇ. ಇಬ್ಬರೂ ಕಷ್ಟಸುಖ ಮಾತಾಡಿಕೊಳ್ಳುತ್ತಿದ್ದರು. ಒಂದು ಸೋಮವಾರ ನರೇಶ್ ಮೆಲ್ಲಗೆ ಬಗ್ಗಿ, ಹೋದ ವಾರ ನೀವು ಎಲ್ಲಿ ಅಂತ ಹೇಳಿದ್ರಿ ಅಮ್ಮಾ ಅಂತ ಕೇಳಿದರು. ಬಿರುಗಾಳಿಗೆ ನಿಂತೈತೆ ಅಂದೆ ಅಂದರು ಮುನಿರತ್ನಮ್ಮ. ನರೇಶ್ ಅದನ್ನು ಡೈರಿಯಲ್ಲಿ ಬರೆದುಕೊಂಡು ಒಳಗೆ ಹೋದರು.

ಕಾರ್ಖಾನೆಯ ವಿನಾಯಿತಿಯ ತೊಂಬತ್ತನೇ ದಿನ ಮೇಲಿನ ಸಾಹೇಬರೇ ಎರಡೂ ಹಡಗಿನ ವಿಚಾರಣೆಗೆ ಬಂದರು. ಅವರು ಗಟ್ಟಿ ಮನುಷ್ಯ. ಬಾಯಿ ಮಾತು ನಂಬುವವರಲ್ಲ. ಗೋಡೆಗೆ ಪ್ರಪಂಚದ ಭೂಪಟ ನೇತುಹಾಕಿಸಿ, ಹಡಗು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬೇಕು, ಇಲ್ಲವೆಂದರೆ ಇವತ್ತೇ ವಿನಾಯಿತಿ ರದ್ದು ಅಂದರು. ಹಸು ಸಾಗಿಸೋಕೆ ಟೆಂಪೋ ಕೂಡ ಹೊರಗೆ ನಿಂತಿತ್ತು.

ನರೇಶ್ ಎದ್ದು ನೀಲಿ ಬಣ್ಣದ ಒಂದು ಜಾಗದಲ್ಲಿ ಬೆರಳಿಟ್ಟರು.

"ನಿಮ್ಮದಮ್ಮಾ?"

ಮುನಿರತ್ನಮ್ಮನಿಗೆ ಭೂಪಟದಲ್ಲಿ ನೀರು ಯಾವುದು ನೆಲ ಯಾವುದು ಗೊತ್ತಿಲ್ಲ. ಕೋಲಾರ ಜಿಲ್ಲೆಯವರಿಗೆ ನೀರಿನ ಗುರುತು ಕಡಿಮೆ. ಆಕೆ ಕಿಟಕಿಯಿಂದ ಒಂದು ಸಲ ಟೆಂಪೋ ನೋಡಿದರು, ಎದ್ದು ಬಂದು ನರೇಶನ ಬೆರಳಿಗೆ ಅಂಟಿಕೊಂಡಂತೆ ತಮ್ಮ ಬೆರಳಿಟ್ಟರು.

"ಇವರದರ ಹಿಂದೇನೇ ಐತೆ ಸ್ವಾಮಿ. ಇವರದು ಸರಿದ್ರೆ ತಾನೆ ನಮ್ಮದು ಬರಾದು?"

ಸಾಹೇಬರು ನರೇಶ್ ಕಡೆ ತಿರುಗಿದರು. ಹೌದೇನ್ರೀ, ಈಯಮ್ಮನ ಹಡಗು ನಿಮ್ಮ ಹಡಗಿನ ಹಿಂದೆ ಇರೋದು ನಿಜವೇ ಅಂತ ಕೇಳಿದರು. ನರೇಶ್ ಬೆವರು ಒರೆಸಿಕೊಂಡರು. ಕರ್ಚೀಫು ಕಪ್ಪಾಯಿತು. ಇಲ್ಲ ಅಂದರೆ, ಹಿಂದಿನ ಹಡಗು ಇಲ್ಲ ಅಂತ ಮುಂದಿನ ಹಡಗಿನವರಿಗೆ ಹೇಗೆ ಗೊತ್ತು ಅನ್ನೋ ಪ್ರಶ್ನೆ ಬರುತ್ತದೆ, ಅದು ಮುಂದಿನ ಹಡಗಿನ ಬುಡಕ್ಕೇ ಬರುತ್ತದೆ.

"ಇದೆ ಸಾರ್," ಅಂದರು ನರೇಶ್. "ನಮ್ಮೋರು ನೋಡಿದಾರೆ."

ಸಾಹೇಬರಿಗೆ ತೃಪ್ತಿಯಾಯಿತು. ಒಂದು ಹಡಗಿಗೆ ಇನ್ನೊಂದು ಹಡಗು ಸಾಕ್ಷಿ ನುಡಿದಿರುವುದರಿಂದ ಎರಡಕ್ಕೂ ಇನ್ನು ತೊಂಬತ್ತು ದಿನ ವಿಸ್ತರಿಸಲಾಗಿದೆ ಅಂತ ಬರೆದು ಸಹಿ ಹಾಕಿದರು. ಟೆಂಪೋ ಖಾಲಿ ವಾಪಸ್ಸಾಯಿತು. ದಾರಿಯಲ್ಲಿ ಅದರಲ್ಲೇ ಮುನಿರತ್ನಮ್ಮನನ್ನು ಊರಿನ ತನಕ ಬಿಟ್ಟರು.

ಆ ಸಂಜೆ ಬಾಂಡ್ಲಿಯಲ್ಲಿ ಬೇವಿನ ಸೊಪ್ಪು ಚಟಪಟ ಅಂತು. ಮೇಡಮ್ಮು ಕಣ್ಣು ಅರ್ಧ ಮುಚ್ಚಿತು. ಗೋಡೆಯಾಚೆಯಿಂದ ಬಚ್ಚಪ್ಪ ಎರಡು ಸಲ ಸ್ವಂತ ಕಾರಣಕ್ಕೆ ಕೆಮ್ಮಿ, ಈಗ ಊರಲ್ಲಿ ಊಟ ಆಯ್ತಾ ಅನ್ನೋ ಬದಲು ಎಲ್ಲರೂ ಕೇಳೋದನ್ನೇ ಕೇಳಿದ.

"ಚಿಕ್ಕಮ್ಮಾ, ಅಡಗು ಎಲ್ಲಿಗೆ ಬಂತು?"

ಮುನಿರತ್ನಮ್ಮ ಹಾಲು ಕರೆಯುತ್ತಲೇ ತಲೆ ಎತ್ತಿ ಕಾರ್ಖಾನೆಯ ಕಡೆ ನೋಡಿದರು. ಅಲ್ಲಿಂದ ಹೊರಟ ಕಪ್ಪು ಊರ ಮೇಲೆ ಅಲುಗಾಡದೆ ನಿಂತಿತ್ತು.

"ಇವೊತ್ತು ಗಾಳಿ ಇಲ್ಲ ಕಣ್ಲಾ," ಅಂದರು. "ನಿಂತಲ್ಲೇ ಐತೆ."