ಬಾಣಂತಿ ಕೋಣೆಯ ತಗಡಿನ ಕೊಳವೆ

ನನ್ನ ಕಾಕಾನಿಗೆ ಹುಚ್ಚು ಹಿಡಿದಿದೆ ಎಂದು ನಮ್ಮೂರು ಕೊಣ್ಣೂರಿನವರು ಹೇಳಿದರೆ ನಾನು ಒಪ್ಪುವುದಿಲ್ಲ. ಅವನನ್ನು ಹಿಡಿಯುವ ಧೈರ್ಯ ಆ ಹುಚ್ಚಿಗೆ ಎಲ್ಲಿಂದ ಬರಬೇಕು? ಅಪ್ಪನ ತಮ್ಮ ಅವನು. ಗೋಕಾಕದಲ್ಲಿ ಕುಳಿತು ಜನರಿಗೆ ಮನೆಯ ನಕ್ಷೆ ಬರೆದುಕೊಡುವುದು ಕೆಲಸ. ಕಿಸೆಯಲ್ಲಿ ಪೆನ್ನಿರಬೇಕಾದ ಜಾಗದಲ್ಲಿ ಥರ್ಮಾಮೀಟರು!

ಒಮ್ಮೆ ನಮ್ಮಣ್ಣನಿಗೆ ಹೆಣ್ಣು ನೋಡಲು ಅವನನ್ನು ಮೂಡಲಗಿಗೆ ಕಳಿಸಿದ್ದೆವು.

“ಹುಡುಗಿ ಹೆಂಗದಾಳ?” ಎಂದಳು ಆಯಿ. ಆಯಿ ಎಂದರೆ ನಮ್ಮಜ್ಜಿ, ಅವನ ತಾಯಿ.

“ಹುಡುಗಿ ಯಾರು ನೋಡ್ಯಾರ? ಅಡಗಿ ಮನಿಗೆ ಹೊಗಿ ಹೋಗಾಕ ಕಿಂಡಿನ ಇಲ್ಲ. ಆ ಮನಿ ಬ್ಯಾಡ!”

ನಾವೆಲ್ಲ ಹೌಹಾರಿದೆವು. ಅಣ್ಣ ಎರಡು ದಿನ ಊಟ ಬಿಟ್ಟ.

ಇಂಥವನ ಕೈಗೆ ನನ್ನ ಬಾಣಂತನ ಸಿಕ್ಕಿತು ನೋಡಿ! ತೊಂಬತ್ತರ ದಶಕದ ಒಂದು ಚಳಿಗಾಲ. ಹುಕ್ಕೇರಿಯ ಗಂಡನ ಮನೆಯಿಂದ ತವರಿಗೆ ಬಂದಿದ್ದೆ. ನಮ್ಮ ಕಡೆ ಬಾಣಂತಿಗೆ ಗಾಳಿ ಸೋಕಬಾರದು. ಕಿಡಕಿಗೆ ಕೌದಿ ಬಡಿದು, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಡುತ್ತಾರೆ. ಆಯಿ ಎಲ್ಲ ಸಜ್ಜು ಮಾಡಿದ್ದಳು. ಅಷ್ಟರಲ್ಲಿ ಕಾಕಾ ಒಂದರೊಳಗೊಂದು ಕೂಡಿಸಿದ ಎರಡು ತಗಡಿನ ಕೊಳವೆ ಹೊತ್ತು ತಂದು, ಗೋಡೆಗೆ ತೂತು ಕೊರೆದೇ ಬಿಟ್ಟ! ಒಳಗಿನ ಕೊಳವೆಯಿಂದ ಕೋಣೆಯ ಬಿಸಿಗಾಳಿಯನ್ನು ಸಣ್ಣ ಫ್ಯಾನು ಹೊರಗೆ ದಬ್ಬುತ್ತದೆ. ಹೊರಗಿನ ಕೊಳವೆಯಲ್ಲಿ ಬರುವ ತಣ್ಣನೆಯ ಗಾಳಿ ಆ ಬಿಸಿಯನ್ನು ಹೀರಿಕೊಂಡು ಒಳಗೆ ಬರುತ್ತದೆ.

“ಹೊಲಸು ಗಾಳಿ ಹೋಗಲಿ, ಬಿಸಿ ಇಲ್ಲೇ ಇಟ್ಟು ಹೋಗಲಿ,” ಎಂದ.

ಆಯಿ ದಿನಕ್ಕೆ ಮೂರು ಸಲ ಕೊಳವೆಯ ಬಾಯಿಗೆ ಅರಿವೆ ತುರುಕುತ್ತಿದ್ದಳು. ಅವನು ಮೂರು ಸಲ ಕೀಳುತ್ತಿದ್ದ.

ಕಡೆಗೆ ಪರೀಕ್ಷೆಯೇ ಆಗಲಿ ಎಂದ. ನನ್ನ ಕೋಣೆಯಷ್ಟೇ ಇದ್ದ ಅಪ್ಪನ ಕೋಣೆಯಲ್ಲಿ ಅಷ್ಟೇ ಕೆಂಡ, ಆದರೆ ಕೊಳವೆ ಇಲ್ಲ. ಅಪ್ಪ ಖುಷಿಯಿಂದ ಕಿಡಕಿ ಮುಚ್ಚಲು ಹೋದ.

“ಮುಚ್ಚಬ್ಯಾಡಣ್ಣ! ಆ ಕೋಣಿಗೆ ಎಷ್ಟು ಗಾಳಿ ಬರತೈತಿ, ಈ ಕೋಣಿಗೂ ಅಷ್ಟ ಬರಬೇಕು. ಇಲ್ಲಂದ್ರ ಅದು ಹೋಲಿಕಿನ ಅಲ್ಲ,” ಎಂದು ಕಾಕಾ ಕಿಡಕಿಯ ಬಾಗಿಲನ್ನೇ ಕಳಚಿ ಒಯ್ದ!

ಧುಪದಾಳದ ಅಣೆಕಟ್ಟಿನ ಕಡೆಯಿಂದ ಬೀಸುವ ಚಳಿಗಾಳಿ ಕೇಳಬೇಕೇ? ಅಪ್ಪ ಮಫ್ಲರ್ ಸುತ್ತಿ, ಎರಡು ಕೌದಿ ಹೊದ್ದು ಒದರಿದ: “ಹಡದಾಕಿ ಅಕಿ, ನಡಗಾಂವ ನಾನು! ಇದ್ಯಾವ ನ್ಯಾಯ ಲೇ?”

ಥರ್ಮಾಮೀಟರು ಹಿಡಿದು ನೋಡಿದರೆ ಕೊಳವೆಯ ಕೋಣೆಯೇ ಬೆಚ್ಚಗಿತ್ತು, ಗೆದ್ದಿತು. ಆಯಿ ಒಪ್ಪುತ್ತಾಳೆಯೇ?

“ಎರಡಕ್ಕೂ ಗಾಳಿ ಬಿಟ್ಟು ಗೆದ್ದಿ. ನಾ ಮುಚ್ಚಿದ ಕೋಣಿ ಕೂಡ ಹೋಲಿಸು, ಆಮ್ಯಾಲ ಹೇಳು!”

“ಆ ಕೋಣಿ ಹೋಲಿಕಿಗೆ ಬರಂಗಿಲ್ಲವ್ವಾ.”

ನಾನೂ ಕಿಚಾಯಿಸಿದೆ: “ಸೋಲತೀನಂತ ಹೆದರಿಕಿ ಏನ್ ಕಾಕಾ?”

ಕಾಕಾ ನಗಲಿಲ್ಲ. ಮಲಗಿದ್ದ ನನ್ನ ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡಿದ.

“ಸೋಲತೀನಿ ವಾ. ಮುಚ್ಚಿದ ಕೋಣಿನ ಹೆಚ್ಚು ಬೆಚ್ಚಗ ಇರತೈತಿ. ನಿನ್ನ ಕಾಕೂ, ನಮ್ಮ ಕೂಸು ಮಲಗಿದ್ರಲ್ಲ, ಮುಂಜಾನೆ ನಾ ಬಾಗಿಲಾ ತಗದಾಗ ಆ ಕೋಣಿ ಭಾಳ ಬೆಚ್ಚಗಿತ್ತು.”

ಕಾಕಾನ ಹೆಂಡತಿ ಕಾಕೂ ಬಾಣಂತನದಲ್ಲಿ ತೀರಿಕೊಂಡಳೆಂದಷ್ಟೇ ನನಗೆ ಗೊತ್ತಿತ್ತು. ಕೆಂಡ ಅವರಿಬ್ಬರ ಉಸಿರು ಕಟ್ಟಿಸಿತ್ತೆಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಆ ಕಿಡಕಿಗೂ ಕೌದಿ ಬಡಿದವಳು ಆಯಿಯೇ. ಇಷ್ಟು ವರ್ಷ ನಾವು ನಕ್ಕದ್ದು ಇದಕ್ಕೆಯೇ? ನನಗೆ ನಾಚಿಕೆಯಾಯಿತು.

ಆಯಿ ಮತ್ತೆ ತುರುಕಲೆಂದು ಸೆರಗಿನಲ್ಲಿ ಬಚ್ಚಿಟ್ಟುಕೊಂಡಿದ್ದ ಅರಿವೆಯನ್ನು ತೆಗೆದು ಮಗನ ಮುಂದೆ ಇಟ್ಟಳು.

“ಫ್ಯಾನ್ ತಿರಗಾಕತ್ತೈತಿ ಹೌದಿಲ್ಲೋ,” ಎಂದಳು, “ಒಮ್ಮೆ ನೋಡಪಾ.”