ಎಳ್ಳು ಬಂದ ಮನೆಗಳ ಬ್ಲಾಕು

ಕೈಯಲ್ಲಿ ಪೆನ್ಸಿಲ್ ಇಲ್ಲದಿರುವವರೆಗೆ ನ್ಯಾಯವಂತನಾಗಿರುವುದು ಬಹಳ ಸುಲಭ. ಅರವತ್ತಾರು ವರ್ಷ ನಾನು ಹಾಗೆಯೇ ಇದ್ದೆ. ಯಾರು ಎಲ್ಲಿ ಗೆರೆ ಎಳೆದರೂ ಅದರಲ್ಲಿರುವ ಕುತಂತ್ರ ನನಗೆ ದೂರದಿಂದಲೇ ಕಾಣುತ್ತಿತ್ತು. ಹಾಗಾಗಿ ವಾರ್ಡುಗಳ ಹೊಸ ಕರಡು ನಕ್ಷೆ ಹೊರಬಿದ್ದು, ಎನ್.ಆರ್. ಕಾಲೋನಿಯ ನಮ್ಮ ಕ್ರಾಸಿನ ಎಡಬದಿ ಒಂದು ವಾರ್ಡಿಗೂ ಬಲಬದಿ ಇನ್ನೊಂದಕ್ಕೂ ಸೇರಿದೆಯೆಂದು ತಿಳಿದಾಗ ನನ್ನೊಳಗಿನ ಪ್ರಜೆ ಎದ್ದು ಕೂತ. ಎದುರುಮನೆಯಿಂದ ಹೆಪ್ಪಿಗೆ ಒಂದು ಚಮಚ ಮೊಸರು ತರಬೇಕಾದರೂ ಇನ್ನು ವಾರ್ಡು ದಾಟಬೇಕು. ನಾನು ಆಕ್ಷೇಪಣೆ ಬರೆದೆ. ಗಡಿಗಳು ದೊಡ್ಡ ರಸ್ತೆಗಳನ್ನು ಅನುಸರಿಸಬೇಕು, ಜನಸಂಖ್ಯೆ ಸಮನಾಗಿರಬೇಕು, ನೆರೆಹೊರೆಯನ್ನು ಸೀಳಬಾರದು, ನಕ್ಷೆಯನ್ನು ಜನ ಓದುವಂತೆ ಪ್ರಕಟಿಸಬೇಕು. ನಾಲ್ಕು ಪುಟ. ಅದನ್ನು ನಮ್ಮ ನಿವಾಸಿಗಳ ಸಂಘದ ಸಭೆಯಲ್ಲಿ ನಿಂತು ಓದಿದೆ. ಚಪ್ಪಾಳೆ ಬಿತ್ತು. ಅಲ್ಲಿಗೆ ಕುಳಿತುಬಿಟ್ಟಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ನಾನು ಆ ಸಂಘಕ್ಕೆ ಹನ್ನೊಂದು ವರ್ಷಗಳಿಂದ ಕಾರ್ಯದರ್ಶಿ. ನಿವೃತ್ತನಾದ ಮೇಲೆ ಜಗತ್ತಿನಲ್ಲಿ ನನ್ನನ್ನು ‘ಸಾರ್’ ಎನ್ನುವ ಏಕೈಕ ಸಂಸ್ಥೆ ಅದು. ಮನೆಯಲ್ಲಿ ನಾನು ಬರೀ ‘ಇಲ್ಕೇಳಿ’. ಈ ಕಾರಣಕ್ಕೇ ಆ ಕುರ್ಚಿಯ ಮೇಲೆ ನನಗೊಂದು ನಿಷ್ಕಾಮ ಪ್ರೀತಿ. ಚಪ್ಪಾಳೆ ನಿಂತ ಮೇಲೆ ಶೇಷಾದ್ರಿ ಎದ್ದರು. ಬ್ಯಾಂಕಿನಿಂದ ನಿವೃತ್ತರಾದ ಇವರಿಗೆ ಆ ಕುರ್ಚಿಯ ಮೇಲೆ ಅಷ್ಟೇನೂ ನಿಷ್ಕಾಮವಲ್ಲದ ಪ್ರೀತಿ.

“ಬಹಳ ಚೆನ್ನಾಗಿ ಬರೆದಿದೀರಿ. ಅದೇ ನ್ಯಾಯ ನಮ್ಮ ಸಂಘಕ್ಕೂ ಬರ್ಲಿ. ಬಡಾವಣೆಯನ್ನ ಮೂರು ಬ್ಲಾಕ್ ಮಾಡಿ. ಮನೆಗೊಂದು ಓಟು, ಬ್ಲಾಕಿಗೊಬ್ಬ ಪ್ರತಿನಿಧಿ. ಮೂವರಲ್ಲಿ ಯಾರಿಗೆ ಜಾಸ್ತಿ ಓಟು ಬರುತ್ತೋ ಅವರೇ ಸೆಕ್ರೆಟರಿ. ಗೆರೆ ನೀವೇ ಎಳೀರಿ, ನಿಮಗಿಂತ ನಿಷ್ಪಕ್ಷಪಾತಿಗಳು ಇನ್ಯಾರಿದಾರೆ?”

ಸಭೆ ಸರ್ವಾನುಮತದಿಂದ ಒಪ್ಪಿತು. ನಾನು ಊಟದ ಮೇಜಿನ ಮೇಲೆ ಬಡಾವಣೆಯ ನಕ್ಷೆ ಹರಡಿ, ಪೆನ್ಸಿಲ್ ಚೂಪು ಮಾಡಿ ಕುಳಿತೆ.

ಮೊದಲ ಹತ್ತು ನಿಮಿಷ ನಾನು ಪ್ರಾಮಾಣಿಕನಾಗಿದ್ದೆ ಎಂಬುದನ್ನು ದಾಖಲಿಸಬಯಸುತ್ತೇನೆ. ಆಮೇಲೆ ಒಂದು ವಿಚಾರ ಹೊಳೆಯಿತು. ನನಗೆ ಓಟು ಹಾಕುವ ಮನೆಗಳೆಲ್ಲ ಒಂದೇ ಬ್ಲಾಕಿನಲ್ಲಿದ್ದರೆ ಅವಕ್ಕೂ ಅನುಕೂಲ. ಆದರೆ ಅವು ಯಾವುವು? ನನ್ನ ಹೆಂಡತಿ ವಿಶಾಲುವಿನ ಬಳಿ ಒಂದು ಪುಟ್ಟ ಪುಸ್ತಕವಿದೆ. ಸಂಕ್ರಾಂತಿಗೆ ಯಾರ ಮನೆಗೆ ಎಳ್ಳು ಬೀರಿ ಬಂದಳು, ಯಾರ ಮನೆಯಿಂದ ಎಳ್ಳು ಬಂತು, ಎಲ್ಲ ವರ್ಷವಾರು ಅದರಲ್ಲಿದೆ. ಯಾವ ಗುಪ್ತಚರ ಇಲಾಖೆಯೂ ಅಷ್ಟು ಅಚ್ಚುಕಟ್ಟಾಗಿ ಕಡತ ಇಡಲಾರದು. ಎಳ್ಳು ಬಂದ ಮನೆ ನಮ್ಮ ಮನೆ, ನಮ್ಮ ಮನೆಯ ಯಜಮಾನ ನಾನು. ಈ ತರ್ಕದಲ್ಲಿ ದೋಷವಿದೆಯೆಂದು ನನಗೆ ಆಗ ಅನ್ನಿಸಲಿಲ್ಲ. ನಮ್ಮದೂ ಸೇರಿ ಮೂವತ್ತೊಂದು ಮನೆಗಳು ಸಿಕ್ಕವು. ಉಳಿದದ್ದು ಅವನ್ನು ಪೋಣಿಸುವ ಕೆಲಸ. ಗೆರೆ ನಮ್ಮ ಗೇಟಿನಿಂದ ಹೊರಟು, ರಸ್ತೆ ದಾಟಿ ಮೂರು ಮನೆ ಎತ್ತಿಕೊಂಡು, ಶೇಷಾದ್ರಿಯವರ ಕಾಂಪೌಂಡನ್ನು ಭಕ್ತಿಯಿಂದ ಬಳಸಿ, ಹಿಂದಿನ ಕ್ರಾಸಿಗೆ ನುಸುಳಿ, ಹಿಟ್ಟಿನ ಗಿರಣಿಗೆ ಒಂದು ಸುತ್ತು ಹಾಕಿ ವಾಪಸು ಬಂತು. ವಿಶಾಲು ಕಾಫಿ ತಂದಿಟ್ಟು ಬಗ್ಗಿ ನೋಡಿದಳು.

“ಇದೇನ್ರೀ, ರಂಗೋಲಿನಾ?”

“ಸೀಮಾ ಪುನರ್ವಿಂಗಡಣೆ.”

“ಚುಕ್ಕಿ ಎಲ್ಲ ನನ್ನ ಎಳ್ಳಿನ ಮನೆಗಳೇ ಇದಾವಲ್ಲ,” ಎಂದು ಒಳಗೆ ಹೋದಳು.

ಪಾರದರ್ಶಕತೆಗೇನೂ ಲೋಪ ಮಾಡಲಿಲ್ಲ. ನಕ್ಷೆಯನ್ನು ಸಂಘದ ಬೋರ್ಡಿಗೆ ಅಂಟಿಸಿ, ಆಕ್ಷೇಪಣೆಗೆ ಪೂರ್ತಿ ಎರಡು ದಿನ ಕೊಟ್ಟೆ. ಅವು ಗೌರಿ ಮತ್ತು ಗಣೇಶನ ಹಬ್ಬದ ದಿನಗಳಾಗಿದ್ದರೆ ಅದು ಪಂಚಾಂಗದ ತಪ್ಪು. ಹಬ್ಬದ ಗಲಾಟೆಯಲ್ಲೂ ಅದನ್ನು ಓದಿದವರು ಮೂಲೆಮನೆಯ ನಂಜೇಗೌಡರೊಬ್ಬರೇ.

“ಸಾರ್, ನಮ್ ಬಿಲ್ಡಿಂಗ್ ಕೆಳಗಿನ ಮನೆ ಮೂರನೇ ಬ್ಲಾಕು, ಮೇಲಿನ ಮನೆ ನಿಮ್ ಬ್ಲಾಕು. ಮೆಟ್ಲು ಯಾರ್ ಕಡೆ ಬತ್ತದೆ?”

“ಮೆಟ್ಟಿಲು ಜನವಸತಿಯಿಲ್ಲದ ಪ್ರದೇಶ ಗೌಡ್ರೇ.”

“ಸರಿ ಬಿಡಿ. ನಮ್ಮನೇವ್ರಿಗೆ ಹೇಳ್ತೀನಿ, ಮೇಲಿನ ಮನೇವ್ರ ಜೊತೆ ಮೆಟ್ಲಲ್ಲೇ ಮಾತಾಡಿ ಅಂತ,” ಎಂದು ನಗುತ್ತ ಹೋದರು.

ಭಾನುವಾರ ಚುನಾವಣೆ. ನನ್ನ ಬ್ಲಾಕಿನವರು ಸಂಘದ ಕೊಠಡಿಯಲ್ಲಿ ಸೇರಿದಾಗ ಒಂದು ಸಣ್ಣ ಬದಲಾವಣೆ ಕಂಡಿತು. ಎಳ್ಳಿನ ಮನೆಗಳಿಂದ ಓಟು ಹಾಕಲು ಬಂದವರು, ಎಳ್ಳು ಬೀರಿದವರೇ. ಗಂಡಸರೆಂದರೆ ನಾನು ಮತ್ತು ಫ್ಯಾನು ರಿಪೇರಿಗೆ ಬಂದಿದ್ದವನು. ನಾನು ವಿನಯದಿಂದ ನನ್ನ ಹೆಸರು ಸೂಚಿಸಿಕೊಂಡೆ. ಗಿರಣಿಯ ಪಕ್ಕದ ಪದ್ಮಕ್ಕ ಕೂತಲ್ಲಿಂದಲೇ, “ವಿಶಾಲು ನಿಲ್ಲಲಿ,” ಎಂದರು.

“ನಂಗ್ಯಾಕ್ರೇ ಇವೆಲ್ಲ,” ಎಂದಳು ವಿಶಾಲು. ಹೆಸರು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ.

“ಪದ್ಮಕ್ಕ, ಹನ್ನೊಂದು ವರ್ಷ ನಾನು...” ಎಂದು ಶುರುಮಾಡಿದೆ.

“ಇಲ್ಲ ಅಂದೋರ್ಯಾರು? ಆದ್ರೆ ನಮ್ಮನೆಗೆ ಬಂದು ಹೋಗೋಳು ಅವಳು. ನಿಮ್ಮನ್ನ ನಾವು ನೋಡೋದು ನೋಟೀಸಿನ ಕೆಳಗೆ ಸಹಿಯಲ್ಲಿ.”

ಎಣಿಕೆ ಮುಗಿದಾಗ ಅವಳಿಗೆ ಇಪ್ಪತ್ತೊಂಬತ್ತು, ನನಗೆ ಎರಡು. ಮೂರೂ ಬ್ಲಾಕುಗಳಲ್ಲಿ ಅಷ್ಟು ಓಟು ಬೇರೆ ಯಾರಿಗೂ ಬರಲಿಲ್ಲ. ತಮ್ಮ ಬ್ಲಾಕಿನಲ್ಲಿ ಹನ್ನೆರಡು ಓಟು ಪಡೆದು ಗೆದ್ದ ಶೇಷಾದ್ರಿ ಬಂದು ನನ್ನ ಕೈ ಕುಲುಕಿ, “ಗೆರೆ ಬಹಳ ಚೆನ್ನಾಗಿ ಎಳೆದಿದೀರಿ,” ಎಂದರು. ಅವರ ದನಿಯಲ್ಲಿದ್ದದ್ದು ಪ್ರಾಮಾಣಿಕ ಮೆಚ್ಚುಗೆ. ಅದೇ ಹೆಚ್ಚು ಚುಚ್ಚಿತು.

ಸೋಲಿನ ನೋವು ಮನುಷ್ಯನನ್ನು ಮತ್ತೆ ಆದರ್ಶವಾದಿಯನ್ನಾಗಿ ಮಾಡುತ್ತದೆ. ಮರುದಿನವೇ ಹೊಸ ಕಾರ್ಯದರ್ಶಿಯವರಿಗೆ ಎರಡು ಪುಟದ ಮನವಿ ಬರೆದೆ. ಒಂದನೇ ಬ್ಲಾಕಿನ ಗಡಿ ವಕ್ರವಾಗಿದೆ, ನೆರೆಹೊರೆಯನ್ನು ಸೀಳಿದೆ, ಒಬ್ಬ ಅಭ್ಯರ್ಥಿಯ ಅನುಕೂಲಕ್ಕೆಂದೇ ಎಳೆದಂತಿದೆ, ಆದ್ದರಿಂದ ಚುನಾವಣೆ ರದ್ದಾಗಬೇಕು. ಕಾರ್ಯದರ್ಶಿಯವರು ಹುರುಳಿಕಾಯಿ ನಾರು ತೆಗೆಯುತ್ತಲೇ ಪೂರ್ತಿ ಓದಿದರು.

“ಎಲ್ಲ ನಿಜವೇ,” ಎಂದಳು. “ಒಂದೇ ಒಂದು ತಿಳೀಲಿಲ್ಲ. ನಿಮ್ಮ ಆಕ್ಷೇಪಣೆ ಗೆರೆ ಮೇಲೋ, ಗೆದ್ದೋರ ಮೇಲೋ?”

ವಿಷಯ ಗಹನವಾದದ್ದು, ಲಿಖಿತ ಉತ್ತರಕ್ಕೆ ಒಂದು ವಾರ ಬೇಕೆಂದು ಕೋರಿದೆ. ಕೊಟ್ಟಳು. ಅದು ಮುಗಿದ ಮೇಲೆ ಇನ್ನೊಂದು ವಾರವನ್ನೂ ಕೊಟ್ಟಳು. ಈಗ ಮೂರನೆಯದು ನಡೆಯುತ್ತಿದೆ.